ಯೇಸು ಎಸ್ಸೇನರ ಹತ್ತಿರ ಕಲಿತದ್ದು ನಿಜವಾ? ಕುಮ್ರಾನ್ ನೋಡಿ ಬಂದ ಮೇಲೆ ಇದೇ ಯೋಚನೆ

ಕಡಲತಡಿ:
ಎಲ್ಲರಿಗೂ ನಮಸ್ಕಾರ. ನಾನು ಕುಂದಾಪುರದ ಕಡೆಯವಳು. ಏಳು ವರ್ಷದಿಂದ ಯೆರೂಸಲೇಮಿನಲ್ಲಿ ಕೇರ್‌ಗಿವರ್ ಕೆಲಸ ಮಾಡುತ್ತಿದ್ದೇನೆ. ನಾನು ನೋಡಿಕೊಳ್ಳುವ ಅಜ್ಜನಿಗೆ 91 ವರ್ಷ. ಮೊದಲು ಶಾಲೆಯಲ್ಲಿ ಹೀಬ್ರೂ ಮೇಷ್ಟ್ರಾಗಿದ್ದವರು. ಈಗ ಗಾಲಿಕುರ್ಚಿಯಲ್ಲೇ ಇರುತ್ತಾರೆ. ಆದರೆ ತಲೆ ಬಹಳ ಚುರುಕು.

ಹೋದ ಶನಿವಾರ ನಮ್ಮ ಕಡೆಯ ಹದಿನೈದು ಜನ ಸೇರಿ ವ್ಯಾನ್ ಮಾಡಿಕೊಂಡು ಮೃತ ಸಮುದ್ರದ ದಡದ ಕುಮ್ರಾನ್‌ಗೆ ಹೋಗಿದ್ದೆವು. ಬಿಸಿಲು ಅಂದರೆ ಬಿಸಿಲು. ಹಾಳುಬಿದ್ದ ಗೋಡೆಗಳ ನಡುವೆ ಒಂದು ಸ್ನಾನದ ಕೊಳ ಇದೆ. ಇಳಿಯುವ ಮೆಟ್ಟಿಲುಗಳು ಮೇಲಿಂದ ಕೆಳಗಿನವರೆಗೆ ಸೀಳಿಹೋಗಿ, ಒಂದು ಬದಿ ಕುಸಿದು ಕೂತಿದೆ. ಕ್ರಿ.ಪೂ. 31ರ ಭೂಕಂಪದ ಗುರುತಂತೆ. ಗೈಡ್ ಅಲ್ಲೇ ನಿಂತು, "ಸ್ನಾನಿಕನಾದ ಯೋಹಾನ ಬೆಳೆದದ್ದು ಇಲ್ಲೇ. ಯೇಸು ಕಲಿತದ್ದೂ ಇಲ್ಲೇ. ಇಲ್ಲಿದ್ದ ಎಸ್ಸೇನರು ಅನ್ನುವ ಯೆಹೂದ್ಯ ಪಂಗಡದವರೇ ಮೊದಲ ಕ್ರೈಸ್ತರು" ಅಂದರು. ನಮ್ಮಲ್ಲಿ ಇಬ್ಬರಿಗೆ ಕಣ್ಣೀರೇ ಬಂತು.

ರಾತ್ರಿ ಬಂದು ಅಜ್ಜನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿ, "ಅವನು ಅಲ್ಲಿ ಕಲಿತಿದ್ದರೆ ಕುರಿಯನ್ನು ಗುಂಡಿಯಲ್ಲೇ ಬಿಡುತ್ತಿದ್ದ" ಅಂದರು. ಅಷ್ಟೇ ಹೇಳಿ ಮಲಗಿಬಿಟ್ಟರು. ನನಗೆ ತಲೆಬುಡ ತಿಳಿಯಲಿಲ್ಲ. ಗೈಡ್ ಹೇಳಿದ್ದು ಸರಿಯಾ, ಅಜ್ಜ ಹೇಳಿದ್ದು ಸರಿಯಾ? ಬಲ್ಲವರು ಹೇಳಿ.

ಹಳೆಪುಸ್ತಕ:
ಗೈಡ್ ಹೇಳಿದ್ದರಲ್ಲಿ ಅರ್ಧ ಊಹೆ, ಅರ್ಧ ಆಸೆ. ನಿಮ್ಮ ಅಜ್ಜನ ಕುರಿ ಮಾತಿಗೆ ಆಮೇಲೆ ಬರೋಣ, ಅದು ಬಹಳ ಅಚ್ಚುಕಟ್ಟಾದ ಮಾತು.

ಎಸ್ಸೇನರ ಬಗ್ಗೆ ನಮಗೆ ತಿಳಿಸುವವರು ಮುಖ್ಯವಾಗಿ ಮೂವರು. ಅಲೆಕ್ಸಾಂಡ್ರಿಯದ ಫೈಲೋ, ರೋಮಿನ ಪ್ಲಿನಿ, ಆಮೇಲೆ ಜೋಸೀಫಸ್. ಜೋಸೀಫಸ್ ಯೆಹೂದ್ಯ ಪುರೋಹಿತರ ಮನೆತನದವನು, ಕ್ರಿ.ಶ. 37ರಲ್ಲಿ ಹುಟ್ಟಿದವನು. ಅವನ ಪ್ರಕಾರ ಆಗ ಯೆಹೂದ್ಯರಲ್ಲಿ ದೊಡ್ಡ ಪಂಗಡಗಳು ಮೂರು: ಫರಿಸಾಯರು, ಸದ್ದುಕಾಯರು, ಎಸ್ಸೇನರು. ಫರಿಸಾಯರು 6000ಕ್ಕೂ ಜಾಸ್ತಿ, ಎಸ್ಸೇನರು 4000ಕ್ಕೂ ಜಾಸ್ತಿ. ಎಸ್ಸೇನರು ಒಂದೇ ಊರಿನವರಲ್ಲ, ಎಲ್ಲ ಊರಲ್ಲೂ ಇದ್ದರು ಅನ್ನುತ್ತಾನೆ. ಪ್ಲಿನಿ ಮಾತ್ರ ಅವರನ್ನು ಮೃತ ಸಮುದ್ರದ ಪಶ್ಚಿಮಕ್ಕೆ ಇಡುತ್ತಾನೆ. ಹೆಂಗಸರಿಲ್ಲ, ದುಡ್ಡಿಲ್ಲ, ಖರ್ಜೂರದ ಮರಗಳೇ ಜೊತೆ.

ಸೇರಲು ಬಂದವನಿಗೆ ಒಂದು ಸಣ್ಣ ಗುದ್ದಲಿ, ಸೊಂಟಕ್ಕೆ ಸುತ್ತಲು ಒಂದು ಬಟ್ಟೆ, ಒಂದು ಬಿಳಿ ಉಡುಪು ಕೊಡುತ್ತಿದ್ದರು. ಒಂದು ವರ್ಷ ಹೊರಗಿಟ್ಟು ನೋಡುವುದು, ಆಮೇಲೆ ಇನ್ನೆರಡು ವರ್ಷ ಪರೀಕ್ಷೆ. ಗುದ್ದಲಿ ಯಾಕೆ ಅಂದರೆ, ಬಯಲಿಗೆ ಹೋದಾಗ ಒಂದಡಿ ಗುಂಡಿ ತೋಡಿ, ಹೊದಿಕೆ ಮರೆ ಮಾಡಿಕೊಂಡು ಕೂತು, ಎದ್ದ ಮೇಲೆ ಮಣ್ಣು ಮುಚ್ಚಬೇಕು. ಸಬ್ಬತ್ ದಿನ, ಅಂದರೆ ಯೆಹೂದ್ಯರು ಕೆಲಸ ಮಾಡದ ಶನಿವಾರ, ಅದಕ್ಕೂ ಹೋಗುವಂತಿಲ್ಲ. ಊಟಕ್ಕೆ ಮುಂಚೆ ತಣ್ಣೀರಿನ ಸ್ನಾನ. ಆಸ್ತಿ ಎಲ್ಲರದ್ದೂ ಒಂದೇ ಗಂಟು.

ಇನ್ನು ಮೃತ ಸಮುದ್ರದ ಸುರುಳಿಗಳು, ಅಂದರೆ ಅಲ್ಲಿ ಸಿಕ್ಕ ಹಳೆಯ ಬರಹಗಳು. 1947ರಿಂದ 1956ರವರೆಗೆ ಕುಮ್ರಾನ್ ಸುತ್ತ 11 ಗುಹೆಗಳಲ್ಲಿ 900ಕ್ಕೂ ಹೆಚ್ಚು ಬರಹಗಳು ಸಿಕ್ಕವು, ಬಹುಪಾಲು ಚೂರು ಚೂರಾಗಿ. ಅದರಲ್ಲಿ 'ಎಸ್ಸೇನ' ಅನ್ನುವ ಪದ ಒಂದು ಕಡೆಯೂ ಇಲ್ಲ. ಅವರು ತಮ್ಮನ್ನು 'ಯಹದ್' ಎಂದು ಕರೆದುಕೊಂಡರು, ಅಂದರೆ ಒಂದಾಗಿರುವವರು. 'ಬೆಳಕಿನ ಮಕ್ಕಳು' ಅಂತಲೂ ಕರೆದುಕೊಂಡರು. ಹಾಗಿದ್ದೂ ಬಹಳ ವಿದ್ವಾಂಸರು ಇವರೇ ಎಸ್ಸೇನರು ಅನ್ನುವುದಕ್ಕೆ ಕಾರಣ ಸಣ್ಣ ಸಣ್ಣ ಹೊಂದಿಕೆಗಳು. ಸಭೆಯ ನಡುವೆ ಉಗುಳಬಾರದು ಎಂದು ಜೋಸೀಫಸ್ ಬರೆದ. ಸುರುಳಿಯಲ್ಲಿ ಅದೇ ತಪ್ಪಿಗೆ 30 ದಿನ ಶಿಕ್ಷೆ ಇದೆ. ಇಂಥ ಸಣ್ಣ ವಿಷಯ ಎರಡು ಕಡೆ ಆಕಸ್ಮಿಕವಾಗಿ ಕೂಡಿಬರುವುದು ಕಷ್ಟ.

ಸಂಜೆಗಾಳಿ:
ಫರಿಸಾಯರು, ಸದ್ದುಕಾಯರು ಬೈಬಲ್‌ನಲ್ಲಿ ಬರುತ್ತಾರೆ. ಎಸ್ಸೇನರು ಬರುವುದೇ ಇಲ್ಲ ಅಲ್ವಾ? ಮೊದಲ ಸಲ ಕೇಳುತ್ತಿದ್ದೇನೆ.

ಹಳೆಪುಸ್ತಕ:
ಹೌದು, ಹೊಸ ಒಡಂಬಡಿಕೆಯಲ್ಲಿ ಒಮ್ಮೆಯೂ ಹೆಸರಿಲ್ಲ. ಆ ಮೌನವನ್ನೇ ಹಿಡಿದುಕೊಂಡು ಕೆಲವರು "ಹೆಸರು ಹೇಳಲಿಲ್ಲ ಅಂದರೆ ಅವರೇ ಇವರು" ಅಂತ ವಾದ ಕಟ್ಟುತ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ. ಮೌನದಿಂದ ಏನು ಬೇಕಾದರೂ ಹೇಳಿಸಬಹುದು.

ಬಳ್ಳಾರಿಯವ:
ಇಷ್ಟು ಬೇಗ ತಳ್ಳಿಹಾಕಬೇಡಿ ಸರ್. ನಾನು ದೇವಶಾಸ್ತ್ರ ಓದುತ್ತಿದ್ದೇನೆ. ಹೊಂದಿಕೆಗಳು ಒಂದೆರಡಲ್ಲ.

ಯೋಹಾನನ ಬಗ್ಗೆ ನಾಲ್ಕು ಸುವಾರ್ತೆಗಳೂ ಎತ್ತಿ ಹೇಳುವ ವಚನ ಯೆಶಾಯ 40:3. ಅರಣ್ಯದಲ್ಲಿ ಕರ್ತನ ದಾರಿ ಸಿದ್ಧಮಾಡಿ ಅನ್ನುವುದು. ಕುಮ್ರಾನ್‌ನ ನಿಯಮದ ಸುರುಳಿಯೂ ತಾವು ಯಾಕೆ ಕಾಡಿಗೆ ಬಂದೆವು ಅಂತ ಹೇಳಲು ಇದೇ ವಚನ ಹಿಡಿಯುತ್ತದೆ. ಯೋಹಾನ ದೀಕ್ಷಾಸ್ನಾನ ಮಾಡಿಸಿದ ಜಾಗ ಅಲ್ಲಿಂದ ನೇರ ಅಳತೆಗೆ 15 ಕಿಲೋಮೀಟರ್ ಒಳಗೆ. ಲೂಕ 1:80 ನೋಡಿ, ಅವನು ಬೆಳೆದದ್ದೇ ಅಡವಿಯಲ್ಲಿ.

ಅಪೊಸ್ತಲರ ಕೃತ್ಯಗಳು 2 ಮತ್ತು 4ರಲ್ಲಿ ಮೊದಲ ಸಭೆಯವರು ಹೊಲ ಮನೆ ಮಾರಿ ಒಟ್ಟಿಗೆ ಹಾಕಿದರು. ಕುಮ್ರಾನ್‌ನಲ್ಲೂ ಹಾಗೇ. ಅವರ ಕೂಟದಲ್ಲಿ ಹನ್ನೆರಡು ಮಂದಿ, ಜೊತೆಗೆ ಮೂವರು ಯಾಜಕರು. ಯೇಸುವಿಗೆ ಹನ್ನೆರಡು ಶಿಷ್ಯರು, ಅದರಲ್ಲಿ ಆಪ್ತರು ಮೂವರು. ರೊಟ್ಟಿ ಮತ್ತು ಹೊಸ ದ್ರಾಕ್ಷಾರಸಕ್ಕೆ ಯಾಜಕ ಆಶೀರ್ವಾದ ಮಾಡಿ ಒಟ್ಟಿಗೆ ಊಟ. ಮೇಲ್ವಿಚಾರಕನಿಗೆ 'ಮೆವಕ್ಕೇರ್' ಅನ್ನುತ್ತಿದ್ದರು. ಗ್ರೀಕ್‌ನಲ್ಲಿ ಬಿಷಪ್ ಅನ್ನುವ ಪದದ ಅರ್ಥವೂ ಮೇಲ್ವಿಚಾರಕ ಅಂತಲೇ. 'ಹೊಸ ಒಡಂಬಡಿಕೆ' ಅನ್ನುವ ಮಾತೂ ಅವರಲ್ಲಿದೆ.

ಇಷ್ಟೆಲ್ಲಾ ಇದ್ದ ಮೇಲೂ ಸಂಬಂಧ ಇಲ್ಲ ಅಂದರೆ ಹೇಗೆ?

ಲೆಕ್ಕದಮೇಷ್ಟ್ರು:
ಬಳ್ಳಾರಿಯವರೇ, ಹೋಲಿಕೆ ಎಣಿಸುವಾಗ ವ್ಯತ್ಯಾಸವನ್ನೂ ಎಣಿಸಬೇಕು.

ಕುಮ್ರಾನ್‌ನವರು ದಿನಾ ತಾವೇ ನೀರಿಗಿಳಿಯುತ್ತಿದ್ದರು. ಅದು ಮೈಶುದ್ಧಿ. ಯೋಹಾನ ಬೇರೆಯವರನ್ನು ಮುಳುಗಿಸಿದ, ಅದೂ ಪಶ್ಚಾತ್ತಾಪದ ಗುರುತಾಗಿ. ಸುಂಕದವರು, ಸಿಪಾಯಿಗಳು ಯಾರು ಬಂದರೂ ಆಗುತ್ತಿತ್ತು. ಕುಮ್ರಾನ್ ಬಾಗಿಲಲ್ಲಿ ವರ್ಷಗಟ್ಟಲೆ ಕಾಯಬೇಕು. ಬಂದ ದಿನವೇ ಸ್ನಾನ ಎಲ್ಲಿ, ವರ್ಷಗಳ ಪರೀಕ್ಷೆ ಎಲ್ಲಿ?

ಅಡವಿಯಲ್ಲಿ ಇದ್ದವರೆಲ್ಲ ಎಸ್ಸೇನರೂ ಅಲ್ಲ. ಜೋಸೀಫಸ್ ತಾನು ಹುಡುಗನಾಗಿದ್ದಾಗ ಬನ್ನುಸ್ ಅನ್ನುವವನ ಹತ್ತಿರ ಮೂರು ವರ್ಷ ಇದ್ದೆ ಅನ್ನುತ್ತಾನೆ. ಆ ಬನ್ನುಸ್ ಮರದಿಂದ ಸಿಕ್ಕಿದ್ದನ್ನೇ ಉಡುತ್ತಿದ್ದ, ತಾನಾಗಿ ಬೆಳೆದದ್ದನ್ನೇ ತಿನ್ನುತ್ತಿದ್ದ, ಹಗಲೂ ರಾತ್ರಿ ತಣ್ಣೀರು ಸ್ನಾನ. ಅವನನ್ನು ಎಸ್ಸೇನ ಅಂತ ಜೋಸೀಫಸ್ ಕರೆಯುವುದಿಲ್ಲ. ಯೋಹಾನನ ಬಗ್ಗೆಯೂ ಬರೆದಿದ್ದಾನೆ, ಹೆರೋದ ಅವನನ್ನು ಮಖೇರಸ್ ಕೋಟೆಯಲ್ಲಿ ಕೊಲ್ಲಿಸಿದ್ದೂ ಬರೆದಿದ್ದಾನೆ. ಅಲ್ಲೂ ಎಸ್ಸೇನ ಅನ್ನುವುದಿಲ್ಲ. ಎಸ್ಸೇನರ ಬಗ್ಗೆ ಪುಟಗಟ್ಟಲೆ ಬರೆದವನಿಗೆ ಗೊತ್ತಾಗುತ್ತಿರಲಿಲ್ಲವಾ?

ಬಳ್ಳಾರಿಯವ:
ಮೇಷ್ಟ್ರೇ, ಈಗ ನೀವೂ ಮೌನದಿಂದಲೇ ವಾದ ಮಾಡಿದಿರಿ. ಯೋಹಾನ ಅಲ್ಲಿದ್ದು ಬಿಟ್ಟು ಬಂದಿರಬಹುದು. ಹೊರಹಾಕಿಸಿಕೊಂಡ ಎಸ್ಸೇನರು ಬೇರೆಯವರ ಊಟ ಮುಟ್ಟುವುದಿಲ್ಲ ಎಂದು ಆಣೆ ಇಟ್ಟಿದ್ದರಿಂದ ಹುಲ್ಲು ತಿಂದು ಸೊರಗುತ್ತಿದ್ದರು ಎಂದು ಅದೇ ಜೋಸೀಫಸ್ ಹೇಳುತ್ತಾನೆ. ಮಿಡತೆ, ಕಾಡುಜೇನು ತಿಂದವನು ಯಾರು?

ಲೆಕ್ಕದಮೇಷ್ಟ್ರು:
'ಇರಬಹುದು' ಅನ್ನುವುದಕ್ಕೆ ನನ್ನ ತಕರಾರಿಲ್ಲ. ಗೈಡ್ 'ಇದ್ದ' ಅಂದಿದ್ದಾರೆ.

ಜೇನುಗೂಡು:
ಮಿಡತೆ ಅಂದಾಗ ನೆನಪಾಯಿತು, ಸ್ವಲ್ಪ ವಿಷಯ ಬಿಟ್ಟು ಹೋಗುತ್ತೇನೆ, ಕ್ಷಮಿಸಿ. ಎಬಿಯೋನರು ಅಂತ ಒಂದು ಪಂಗಡ ಇತ್ತು. ಹೀಬ್ರೂನಲ್ಲಿ 'ಎವ್ಯೋನಿಮ್' ಅಂದರೆ ಬಡವರು. ಯೇಸುವನ್ನು ಮೆಸ್ಸೀಯ ಅಂತ ನಂಬಿಯೂ ಮೋಶೆಯ ನಿಯಮ ಬಿಡದ ಯೆಹೂದ್ಯರು. ಪೌಲನನ್ನು ಅವರು ಒಪ್ಪುತ್ತಿರಲಿಲ್ಲ. ಕ್ರಿ.ಶ. 180ರ ಸುಮಾರಿಗೆ ಐರೆನೇಯಸ್ ಅವರ ಹೆಸರು ಹೇಳುತ್ತಾನೆ. ಆಮೇಲೆ ಎಪಿಫಾನಿಯಸ್ ಅವರ ಸುವಾರ್ತೆಯ ಒಂದಷ್ಟು ಸಾಲು ಉಳಿಸಿಕೊಟ್ಟಿದ್ದಾನೆ.

ಅದರಲ್ಲಿ ಯೋಹಾನ ಮಿಡತೆ ತಿನ್ನುವುದಿಲ್ಲ! ಅವರು ಮಾಂಸ ತಿನ್ನದವರು. ಗ್ರೀಕ್‌ನಲ್ಲಿ ಮಿಡತೆಗೆ 'ಅಕ್ರಿಸ್', ಎಣ್ಣೆ ಹಾಕಿ ಮಾಡಿದ ಸಿಹಿ ರೊಟ್ಟಿಗೆ 'ಎಂಕ್ರಿಸ್'. ಎರಡಕ್ಷರ ಬದಲಾಯಿಸಿ ಯೋಹಾನನ ಕೈಗೆ ರೊಟ್ಟಿ ಕೊಟ್ಟುಬಿಟ್ಟರು. ತಮ್ಮ ಗುರುವಿನ ತಟ್ಟೆ ತಮ್ಮ ತಟ್ಟೆಯ ಹಾಗೇ ಇರಬೇಕು ಅನ್ನುವ ಆಸೆ ಎಷ್ಟು ಗಟ್ಟಿ ನೋಡಿ. ನನಗೆ ಆ ಜನರ ಮೇಲೆ ಪ್ರೀತಿ ಬರುತ್ತದೆ.

ಹಳೆಪುಸ್ತಕ:
ಇದು ವಿಷಯ ಬಿಟ್ಟದ್ದಲ್ಲ, ವಿಷಯಕ್ಕೇ ಬಂದದ್ದು. ಅಂದಹಾಗೆ ಕುಮ್ರಾನ್ ಕಡೆಯವರು ಮಿಡತೆ ತಿನ್ನುತ್ತಿದ್ದರು. ದಮಸ್ಕದ ಬರಹ ಅನ್ನುವ ಅವರ ನಿಯಮದ ಪುಸ್ತಕದಲ್ಲಿ ಹೀಗೇ ಇದೆ: ಮಿಡತೆಯನ್ನು ಜೀವ ಇರುವಾಗಲೇ ಬೆಂಕಿಗೋ ನೀರಿಗೋ ಹಾಕಬೇಕು.

ಬುದ್ಧಮಾರ್ಗ:
ಇದೆಲ್ಲ ಬೌದ್ಧ ಭಿಕ್ಷುಗಳಿಂದ ಹೋದದ್ದು. ಬ್ರಹ್ಮಚರ್ಯ, ಆಸ್ತಿ ಇಲ್ಲದಿರುವುದು, ಸಂಘ. ಯೆಹೂದ್ಯರಲ್ಲಿ ಎಲ್ಲಿತ್ತು ಇದು? ಯೇಸು ಲಡಾಖಿಗೆ ಬಂದಿದ್ದ ಅಂತಲೂ ಪುಸ್ತಕ ಇದೆಯಲ್ಲ.

ಲೆಕ್ಕದಮೇಷ್ಟ್ರು:
ಆ ಲಡಾಖ್ ಕಥೆ 1894ರಲ್ಲಿ ನೊಟೊವಿಚ್ ಬರೆದದ್ದು. ಮರುವರ್ಷವೇ ಡಗ್ಲಸ್ ಅನ್ನುವ ಪ್ರಾಧ್ಯಾಪಕರು ಹೆಮಿಸ್ ಮಠಕ್ಕೆ ಹೋಗಿ ಕೇಳಿದರು. ಅಂಥ ಪುಸ್ತಕವೇ ಇಲ್ಲ ಅಂದರು ಮಠದ ಮುಖ್ಯಸ್ಥರು. ದಯವಿಟ್ಟು ಅದನ್ನು ಬಿಟ್ಟುಬಿಡಿ.

ಅಶೋಕನ 13ನೇ ಶಾಸನದಲ್ಲಿ ಈಜಿಪ್ಟಿನ ಟಾಲೆಮಿ, ಸಿರಿಯಾದ ಆಂಟಿಯೋಕಸ್ ಹೆಸರು ಇರುವುದು ಖಂಡಿತ ನಿಜ. ಆದರೆ ಭಿಕ್ಷುಗಳು ಯೂದಾಯಕ್ಕೆ ಹೋಗಿ ಮಠ ಕಟ್ಟಿದ್ದಕ್ಕೆ ಒಂದು ಮಡಕೆ ಚೂರೂ ಇಲ್ಲ. ಕುಮ್ರಾನ್‌ನವರು ದಿನಾ ಓದಿದ್ದು ಯೆಶಾಯ, ಧರ್ಮೋಪದೇಶಕಾಂಡ, ಕೀರ್ತನೆಗಳು. ಅವರ ಒಂದೊಂದು ನಿಯಮವೂ ಅಲ್ಲಿಂದಲೇ ಹುಟ್ಟಿದ್ದು.

ಬುದ್ಧಮಾರ್ಗ:
ಡಗ್ಲಸ್ ವಿಷಯ ಗೊತ್ತಿರಲಿಲ್ಲ. ಲಡಾಖ್ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಉಳಿದದ್ದು ಇನ್ನೂ ಓದಬೇಕು.

ಬ್ರಹ್ಮಾವರ_77:
ಕುಂದಾಪುರದವರು ಅಂತ ನೋಡಿ ಖುಷಿಯಾಯಿತು ಅಕ್ಕ. ನಮ್ಮೂರು ಬ್ರಹ್ಮಾವರ, ಮನೆಯವರೆಲ್ಲ ಸಿರಿಯನ್ ಆರ್ಥೊಡಾಕ್ಸ್. ಕುಮ್ರಾನ್‌ನಲ್ಲಿ ಮೊದಲು ಸಿಕ್ಕ ಏಳು ಸುರುಳಿಗಳಲ್ಲಿ ನಾಲ್ಕನ್ನು ಕೊಂಡದ್ದು ನಮ್ಮದೇ ಸಿರಿಯಾಕ್ ಪರಂಪರೆಯ ಒಬ್ಬರು ಬಿಷಪ್. ಯೆರೂಸಲೇಮಿನ ಸಂತ ಮಾರ್ಕನ ಮಠದ ಮಾರ್ ಸಾಮುವೇಲ್. ಉಳಿದ ಮೂರನ್ನು ಪ್ರೊಫೆಸರ್ ಸುಕೇನಿಕ್ ಕೊಂಡರು. ಮಾರ್ ಸಾಮುವೇಲ್ ತಮ್ಮದನ್ನು ಅಮೆರಿಕಕ್ಕೆ ತೆಗೆದುಕೊಂಡು ಹೋಗಿ, 1954ರ ಜೂನ್ 1ರಂದು ವಾಲ್‌ಸ್ಟ್ರೀಟ್ ಜರ್ನಲ್‌ನಲ್ಲಿ ಮಾರಾಟಕ್ಕಿದೆ ಅಂತ ಜಾಹೀರಾತು ಕೊಟ್ಟರು. ಸುಕೇನಿಕ್ ಅವರ ಮಗ ಯಾದೀನ್ ಮಧ್ಯವರ್ತಿಗಳ ಮೂಲಕ 2,50,000 ಡಾಲರ್ ಕೊಟ್ಟು ತೆಗೆಸಿಕೊಂಡರು. ಅಪ್ಪ ಮೂರು, ಮಗ ನಾಲ್ಕು. ಸುರುಳಿಗಳ ಮ್ಯೂಸಿಯಂ ನೋಡಿದ್ದೀರಾ ಅಕ್ಕ?

ಕಡಲತಡಿ:
ನೋಡಿದ್ದೇನೆ ತಮ್ಮಾ, ಹೊರಗಿನಿಂದ ಬಿಳಿ ಗುಮ್ಮಟ, ಜಾಡಿಯ ಮುಚ್ಚಳದ ಹಾಗೆ. ಒಳಗೆ ಯೆಶಾಯ ಸುರುಳಿಯ ನಕಲು ಇಟ್ಟಿದ್ದಾರೆ. ಏಳು ಮೀಟರಿಗೂ ಉದ್ದ, 17 ತೊಗಲಿನ ಹಾಳೆ ಹೊಲಿದು ಸೇರಿಸಿದ್ದು. ಬರೆಯುವವನು ಒಂದು ಕಡೆ ಪದ ಬಿಟ್ಟು, ಆಮೇಲೆ ಸಾಲಿನ ಮೇಲೆ ಸಣ್ಣದಾಗಿ ಸೇರಿಸಿದ್ದಾನೆ. ಅದನ್ನು ಬಹಳ ಹೊತ್ತು ನೋಡುತ್ತಾ ನಿಂತಿದ್ದೆ.

ಈಗ ಯಾರಾದರೂ ಕುರಿ ವಿಷಯ ಹೇಳಿ. ಅಜ್ಜ ಕೇಳಿದರೆ ಬರೀ ನಗುತ್ತಾರೆ, "ನೀನೇ ಹುಡುಕು" ಅನ್ನುತ್ತಾರೆ.

ಹಳೆಪುಸ್ತಕ:
ಮತ್ತಾಯ 12:11 ತೆಗೆಯಿರಿ. ಸಬ್ಬತ್ ದಿನ ಕೈ ಬತ್ತಿದವನನ್ನು ಗುಣಪಡಿಸುವ ಮುಂಚೆ ಯೇಸು ಕೇಳುತ್ತಾನೆ: ನಿಮ್ಮಲ್ಲಿ ಯಾರಿಗಾದರೂ ಒಂದೇ ಒಂದು ಕುರಿ ಇದ್ದು, ಅದು ಸಬ್ಬತ್ ದಿನ ಗುಂಡಿಗೆ ಬಿದ್ದರೆ ಹಿಡಿದು ಮೇಲಕ್ಕೆ ಎತ್ತದೆ ಇರುತ್ತೀರಾ? ಯಾರೂ ಹಾಗೆ ಬಿಡುವುದಿಲ್ಲ ಅನ್ನುವ ನಂಬಿಕೆಯಿಂದ ಕೇಳಿದ ಪ್ರಶ್ನೆ ಅದು.

ಬಿಡುವವರು ಇದ್ದರು. ದಮಸ್ಕದ ಬರಹ ಅಂತ ಹೇಳಿದೆನಲ್ಲ, ಅದರ ಪ್ರತಿ ಮೊದಲು ಸಿಕ್ಕಿದ್ದು ಕೈರೋದ ಹಳೆ ಸಿನಗಾಗಿನ ಕಾಗದದ ರಾಶಿಯಲ್ಲಿ. ಪ್ರಕಟವಾದದ್ದು 1910ರಲ್ಲಿ. ಅದೇ ಬರಹದ ಚೂರುಗಳು ಆಮೇಲೆ ಕುಮ್ರಾನ್ ಗುಹೆಗಳಲ್ಲೂ ಸಿಕ್ಕವು. ಅದರಲ್ಲಿ ಸ್ಪಷ್ಟವಾಗಿದೆ: ಸಬ್ಬತ್ ದಿನ ಪ್ರಾಣಿಯ ಹೆರಿಗೆಗೆ ಕೈ ಹಾಕಬಾರದು, ಅದು ಬಾವಿಗೋ ಗುಂಡಿಗೋ ಬಿದ್ದರೆ ಮೇಲಕ್ಕೆ ಎತ್ತಬಾರದು. ಮನುಷ್ಯ ಬಿದ್ದರೆ? ಏಣಿ, ಹಗ್ಗ, ಯಾವ ಸಲಕರಣೆಯೂ ಬೇಡ. ನಾಲ್ಕನೇ ಗುಹೆಯ ಇನ್ನೊಂದು ಚೂರು ಅದಕ್ಕೆ ದಾರಿ ಹೇಳುತ್ತದೆ: ನಿನ್ನ ಮೈಮೇಲಿನ ಬಟ್ಟೆಯನ್ನು ಅವನ ಕಡೆ ಚಾಚು, ಅದನ್ನು ಹಿಡಿದು ಮೇಲೆ ಬರಲಿ.

ನಿಮ್ಮ ಅಜ್ಜ ಒಂದೇ ಸಾಲಿನಲ್ಲಿ ಇಷ್ಟನ್ನೂ ಹೇಳಿಬಿಟ್ಟಿದ್ದಾರೆ.

ಅಡಿಕೆತೋಟ:
ಇದು ಓದಿ ಮೈ ಜುಮ್ ಅಂತು. ಹತ್ತು ವರ್ಷದ ಹಿಂದೆ ನಮ್ಮ ಕರು ಗೊಬ್ಬರದ ಗುಂಡಿಗೆ ಬಿತ್ತು. ಮಳೆಗಾಲ, ಗುಂಡಿ ಅರ್ಧ ನೀರು. ಹಗ್ಗ ಹಾಕಿ ಎಳೆದರೆ ಕುತ್ತಿಗೆಗೆ ಬಿಗಿಯುತ್ತಿತ್ತು. ಕಡೆಗೆ ನಮ್ಮ ಅಮ್ಮ ಹುಲ್ಲಿನ ಕಂತೆ ತಂದು ಒಂದೊಂದಾಗಿ ಗುಂಡಿಗೆ ಹಾಕಲು ಹೇಳಿದರು. ಕಾಲಿಗೆ ನೆಲೆ ಸಿಕ್ಕ ಮೇಲೆ ಅದೇ ಹತ್ತಿ ಬಂತು. ತಾಯಿ ಹಸು ಇಡೀ ಹೊತ್ತು ಕೂಗುತ್ತಿತ್ತು. ಆ ಕೂಗು ಕೇಳಿಕೊಂಡು ಸೂರ್ಯ ಮುಳುಗಲಿ ಅಂತ ಕಾಯಲು ಯಾರಿಗೆ ಮನಸ್ಸು ಬರುತ್ತದೆ?

ಕಡಲತಡಿ:
ಅಡಿಕೆತೋಟ ಅಣ್ಣಾ, ನಿಮ್ಮ ಕರುವಿನ ಕಥೆಯನ್ನು ಅಜ್ಜನಿಗೆ ಹೀಬ್ರೂನಲ್ಲಿ ಹೇಳಿದೆ. ಅವರು ಕುರ್ಚಿಯಲ್ಲೇ ನೆಟ್ಟಗೆ ಕೂತರು! ಯೆಹೂದ್ಯ ಗುರುಗಳಾದ ರಬ್ಬಿಗಳ ಗ್ರಂಥ ತಾಲ್ಮುದ್‌ನಲ್ಲಿ ಹಾಗೇ ಇದೆಯಂತೆ. ಸಬ್ಬತ್ ದಿನ ಪ್ರಾಣಿ ನೀರಿಗೆ ಬಿದ್ದರೆ ದಿಂಬು, ಹಾಸಿಗೆ ತಂದು ಅದರ ಕೆಳಗೆ ಹಾಕಬಹುದು, ತಾನಾಗಿ ಹತ್ತಿ ಬಂದರೆ ಬರಲಿ. "ನಿನ್ನ ಊರಿನ ಆ ಅಮ್ಮ ರಬ್ಬಿಗಳ ಹಾಗೆ ಯೋಚನೆ ಮಾಡಿದ್ದಾಳೆ" ಅಂದರು. ಫರಿಸಾಯರ ದಾರಿಯೇ ಮುಂದೆ ರಬ್ಬಿಗಳ ದಾರಿ ಆದದ್ದು, ಯೇಸು ಜಗಳ ಆಡಿದ್ದು ಫರಿಸಾಯರ ಜೊತೆ ಅಂದರೆ ಅವರು ಅವನಿಗೆ ಅಷ್ಟು ಹತ್ತಿರದವರಾಗಿದ್ದರು ಅಂತ ಅಜ್ಜನ ಮಾತು.

ಬಳ್ಳಾರಿಯವ:
ಅಜ್ಜನ ಮಾತಿನಲ್ಲಿ ಹುರುಳಿದೆ. ಸತ್ತವರು ಎದ್ದುಬರುತ್ತಾರೆ ಅನ್ನುವ ನಂಬಿಕೆ ಫರಿಸಾಯರದ್ದು, ಯೇಸುವಿನದ್ದೂ ಅದೇ. ಸದ್ದುಕಾಯರು ಅದನ್ನು ಒಪ್ಪುತ್ತಿರಲಿಲ್ಲ. ಪೌಲ ತಾನು ಫರಿಸಾಯ ಅಂತ ಫಿಲಿಪ್ಪಿಯವರಿಗೆ ನೇರವಾಗಿ ಬರೆಯುತ್ತಾನೆ.

ಆದರೂ ನನ್ನ ಪಟ್ಟು ಬಿಡುವುದಿಲ್ಲ. ಮದುವೆ ವಿಷಯ ನೋಡಿ. ಗಂಡು ಹೆಣ್ಣಾಗಿ ಸೃಷ್ಟಿಸಿದ ಅನ್ನುವ ಆದಿಕಾಂಡ 1:27ನ್ನು ಹಿಡಿದು ದಮಸ್ಕದ ಬರಹ ಇಬ್ಬರು ಹೆಂಡಿರು ಬೇಡ ಅನ್ನುತ್ತದೆ. ಮಾರ್ಕ 10ರಲ್ಲಿ ಯೇಸು ಹೆಂಡತಿಯನ್ನು ಬಿಡಬಾರದು ಅನ್ನಲು ಅದೇ ವಚನ ಹಿಡಿಯುತ್ತಾನೆ. ನಾಲ್ಕನೇ ಗುಹೆಯ ಇನ್ನೊಂದು ಚೂರಿನಲ್ಲಿ ಗಾಯಗೊಂಡವರು ಗುಣವಾಗುವುದು, ಸತ್ತವರು ಬದುಕುವುದು, ಬಡವರಿಗೆ ಶುಭವರ್ತಮಾನ, ಮೂರೂ ಒಟ್ಟಿಗೆ ಬರುತ್ತವೆ. ಯೋಹಾನನ ಶಿಷ್ಯರಿಗೆ ಯೇಸು ಕೊಟ್ಟ ಉತ್ತರ ಅದೇ ಅಲ್ವಾ, ಲೂಕ 7:22?

ಹಳೆಪುಸ್ತಕ:
ಆ ಚೂರು ನನಗೂ ಬಹಳ ಮುಖ್ಯ. ಆದರೆ ಅದು ತೋರಿಸುವುದು ಇಬ್ಬರೂ ಒಂದೇ ಪುಸ್ತಕ ಓದಿ ಒಂದೇ ಕಾಲಕ್ಕಾಗಿ ಕಾಯುತ್ತಿದ್ದರು ಅನ್ನುವುದನ್ನು. ಒಬ್ಬರ ಮನೆಯಲ್ಲಿ ಇನ್ನೊಬ್ಬರು ಕಲಿತರು ಅನ್ನುವುದನ್ನಲ್ಲ.

ಅಗ್ರಹಾರದಹುಡುಗಿ:
ಶುದ್ಧಿಯ ವಿಷಯ ಯಾರೂ ಎತ್ತಲಿಲ್ಲ. ಮಡಿಯ ಮನೆಯಲ್ಲಿ ಬೆಳೆದ ನನಗೆ ಇದು ತಟ್ಟನೆ ಅರ್ಥವಾಯಿತು. ಶುದ್ಧ ಪಾತ್ರೆಯಿಂದ ಮೈಲಿಗೆಯ ಪಾತ್ರೆಗೆ ನೀರು ಹೊಯ್ದರೆ, ಆ ಧಾರೆಯ ಮೂಲಕ ಮೈಲಿಗೆ ಮೇಲಕ್ಕೆ ಹತ್ತಿ ಶುದ್ಧ ಪಾತ್ರೆಗೂ ತಟ್ಟುತ್ತದಾ? ಕುಮ್ರಾನ್‌ನ ಒಂದು ಪತ್ರ ತಟ್ಟುತ್ತದೆ ಅನ್ನುತ್ತದೆ. ರಬ್ಬಿಗಳ ಹಳೆಯ ನಿಯಮಸಂಗ್ರಹ ಮಿಷ್ನಾದಲ್ಲಿ ಸದ್ದುಕಾಯರು ಇದೇ ಪ್ರಶ್ನೆಗೆ ಫರಿಸಾಯರ ಮೇಲೆ ಹರಿಹಾಯುತ್ತಾರೆ. ನಮ್ಮಜ್ಜಿ ಎತ್ತರದಿಂದ ನೀರು ಹೊಯ್ಯಿ ಅನ್ನುತ್ತಿದ್ದರು, ತಂಬಿಗೆ ತಾಗದಿರಲಿ ಅಂತ.

ಈ ಪತ್ರ ನೋಡಿಯೇ ಲಾರೆನ್ಸ್ ಶಿಫ್ಮನ್ ಅವರು ಈ ಗುಂಪಿನ ಬೇರು ಸದ್ದುಕಾಯರ ಕಡೆ ಇದೆ ಎಂದು ವಾದಿಸಿದ್ದು. ಹಾಗಾಗಿ ಕುಮ್ರಾನ್ ಅಂದರೆ ಎಸ್ಸೇನರೇ ಅಂತ ಎಲ್ಲರೂ ಒಪ್ಪಿಲ್ಲ. ನಾರ್ಮನ್ ಗೋಲ್ಬ್ ಅಂತೂ ಸುರುಳಿಗಳು ಯೆರೂಸಲೇಮಿನಿಂದ ತಂದು ಬಚ್ಚಿಟ್ಟವು ಅಂದರು. ರೋಮನ್ನರ ದಂಡು ಬರುವ ಮುಂಚೆ.

ಹಳೆಪುಸ್ತಕ:
ಸರಿಯಾದ ತಿದ್ದುಪಡಿ ಮೇಡಂ. ನಾನು ಎಸ್ಸೇನರ ಪಕ್ಷ. ಬೇರೆ ಪಕ್ಷ ಇದೆ ಎಂದು ಮೊದಲೇ ಹೇಳಬೇಕಿತ್ತು.

ಸಂಜೆಗಾಳಿ:
ಕುಮ್ರಾನ್‌ನಲ್ಲಿ ಮಾರ್ಕನ ಸುವಾರ್ತೆಯ ಚೂರು ಸಿಕ್ಕಿದೆ ಅಂತ ಎಲ್ಲೋ ಓದಿದ್ದೆ. ಅದು ಸುಳ್ಳಾ?

ಲೆಕ್ಕದಮೇಷ್ಟ್ರು:
ಏಳನೇ ಗುಹೆಯ ಗ್ರೀಕ್ ಚೂರು ಅದು. 1972ರಲ್ಲಿ ಓಕ್ಯಾಲಹನ್ ಹಾಗೆ ಹೇಳಿದರು. ಅದರಲ್ಲಿ ಇರುವುದು ಸುಮಾರು ಇಪ್ಪತ್ತು ಅಕ್ಷರ. ಪೂರ್ತಿ ಇರುವ ಪದ ಒಂದೇ, 'ಕಾಯ್', ಅಂದರೆ 'ಮತ್ತು'. ಬರೀ 'ಮತ್ತು' ಹಿಡಿದುಕೊಂಡು ಸುವಾರ್ತೆ ಅನ್ನಲು ಆಗುವುದಿಲ್ಲ. ಹೆಚ್ಚಿನವರು ಒಪ್ಪಿಲ್ಲ.

ಜೇನುಗೂಡು:
'ನೀತಿಯ ಬೋಧಕ' ಅಂತ ಅವರ ಗುರು ಒಬ್ಬನಿದ್ದನಲ್ಲ, ಅವನೇ ಯೇಸುವಿನ ತಮ್ಮ ಯಾಕೋಬ ಅನ್ನುವ ವಾದವೂ ಇದೆ. ಯಾಕೋಬನ ಬಗ್ಗೆ ನನಗೆ ಗೌರವ ಜಾಸ್ತಿ, ಅದಕ್ಕೆ ಕೇಳುತ್ತಿದ್ದೇನೆ.

ಹಳೆಪುಸ್ತಕ:
ಐಸೆನ್‌ಮನ್ ಅವರ ವಾದ ಅದು. ಕಾಲ ಹೊಂದುವುದಿಲ್ಲ. ಯಾಕೋಬ ಸತ್ತದ್ದು ಕ್ರಿ.ಶ. 62ರಲ್ಲಿ. ಆ ಗುರು ಮತ್ತು ಅವನ ಶತ್ರುವಾದ 'ದುಷ್ಟ ಯಾಜಕ'ನ ಕಥೆ ಹೇಳುವ ಹಬಕ್ಕೂಕ ಸುರುಳಿಯ ತೊಗಲನ್ನು ಕಾರ್ಬನ್ ಪರೀಕ್ಷೆ ಮಾಡಿದರೆ ಕ್ರಿ.ಪೂ. ಮೊದಲ ಶತಮಾನ ಬಂತು. ಯಾಕೋಬ ಹುಟ್ಟುವ ಮುಂಚಿನದ್ದು.

ಆ ಸುರುಳಿಯಲ್ಲೇ ಇನ್ನೊಂದು ಸಂಗತಿ ಇದೆ. ದುಷ್ಟ ಯಾಜಕ ಗುರುವಿನ ಮೇಲೆ ಬಿದ್ದದ್ದು ಅವರ ಪ್ರಾಯಶ್ಚಿತ್ತದ ಹಬ್ಬದ ದಿನ. ದೇವಾಲಯದ ಯಾಜಕ ತನ್ನ ಹಬ್ಬದ ದಿನ ಬಿಟ್ಟು ಬಂದನಾ? ಇಲ್ಲ. ಇಬ್ಬರ ಪಂಚಾಂಗ ಬೇರೆ. ಇವರದ್ದು 364 ದಿನದ ವರ್ಷ, ಸರಿಯಾಗಿ 52 ವಾರ. ಹಬ್ಬಗಳು ಪ್ರತಿ ವರ್ಷ ವಾರದ ಅದೇ ದಿನಕ್ಕೆ ಬರುತ್ತವೆ.

ಬಳ್ಳಾರಿಯವ:
ಇದರಿಂದಲೇ ಆನಿ ಜೋಬೇರ್ 1957ರಲ್ಲಿ ಒಂದು ಗಂಟು ಬಿಡಿಸಲು ನೋಡಿದ್ದು. ಯೇಸುವಿನ ಕಡೇ ರಾತ್ರಿಭೋಜನ ಪಸ್ಕ ಅನ್ನುವ ಯೆಹೂದ್ಯ ಹಬ್ಬದ ಊಟ ಅಂತ ಮತ್ತಾಯ, ಮಾರ್ಕ, ಲೂಕ ಹೇಳುತ್ತಾರೆ. ಯೋಹಾನನ ಸುವಾರ್ತೆಯಲ್ಲಿ ಪಸ್ಕ ಇನ್ನೂ ಬಂದೇ ಇಲ್ಲ. 364 ದಿನದ ಲೆಕ್ಕದಲ್ಲಿ ಪಸ್ಕದ ಊಟ ಯಾವಾಗಲೂ ಮಂಗಳವಾರ ಸಂಜೆ. ಯೇಸು ಮಂಗಳವಾರ ಆ ಲೆಕ್ಕದಲ್ಲಿ ಉಂಡ, ಯಾಜಕರು ತಮ್ಮ ಲೆಕ್ಕದಲ್ಲಿ ಆಮೇಲೆ ಉಂಡರು ಅಂತ ಅವರ ಊಹೆ. ನನಗೆ ಇದು ಬಹಳ ಇಷ್ಟ.

ಅಗ್ರಹಾರದಹುಡುಗಿ:
ಒಂದೇ ಬೀದಿಯಲ್ಲಿ ಎರಡು ಮಠದವರಿಗೆ ಏಕಾದಶಿ ಬೇರೆ ಬೇರೆ ದಿನ ಬಂದದ್ದನ್ನು ನೋಡಿದವರಿಗೆ ಇದು ಕಷ್ಟವೇ ಅಲ್ಲ.

ಲೆಕ್ಕದಮೇಷ್ಟ್ರು:
ಇಷ್ಟ ಆಗುವುದು ಬೇರೆ, ಆಧಾರ ಬೇರೆ. ಯೇಸು ಬೇರೆ ಪಂಚಾಂಗ ನಡೆಸಿದ ಅಂತ ಸುವಾರ್ತೆಗಳಲ್ಲಿ ಎಲ್ಲೂ ಇಲ್ಲ. ಎಲ್ಲರೂ ಹೋಗುವ ಹಬ್ಬಕ್ಕೆ ಅವನೂ ದೇವಾಲಯಕ್ಕೆ ಹೋಗುತ್ತಾನೆ. ಪಂಚಾಂಗಕ್ಕಾಗಿ ಜಗಳವಾಗಿದ್ದರೆ ಸಬ್ಬತ್ ಜಗಳದ ಹಾಗೆ ಒಂದು ಸಾಲಾದರೂ ಬರಬೇಕಿತ್ತು.

ಆಸ್ತಿ ವಿಷಯಕ್ಕೂ ಒಂದು ಮಾತು. ಕುಮ್ರಾನ್‌ನಲ್ಲಿ ಆಸ್ತಿ ಬಗ್ಗೆ ಸುಳ್ಳು ಹೇಳಿದರೆ ಒಂದು ವರ್ಷ ಊಟದ ಪಂಕ್ತಿಯಿಂದ ಹೊರಗೆ, ರೊಟ್ಟಿಯಲ್ಲಿ ಕಾಲು ಭಾಗ ಕಡಿತ. ಕೃತ್ಯಗಳು 5ರಲ್ಲಿ ಅನನೀಯ ಅದೇ ತಪ್ಪಿಗೆ ನಿಂತಲ್ಲೇ ಸತ್ತುಬಿದ್ದ. ಆದರೆ ಅಲ್ಲಿ ಪೇತ್ರ ಏನು ಹೇಳುತ್ತಾನೆ? ಹೊಲ ನಿನ್ನದೇ ಆಗಿತ್ತು, ಮಾರಿದ ಹಣವೂ ನಿನ್ನ ಕೈಯಲ್ಲೇ ಇತ್ತು ಅಂತ. ಅಂದರೆ ಕೊಡುವುದು ಇಷ್ಟ ಇದ್ದರೆ. ಕುಮ್ರಾನ್‌ನಲ್ಲಿ ಅದು ಕಡ್ಡಾಯ.

ಹಳೆಪುಸ್ತಕ:
ನನಗೆ ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಬೇರೆ ಕಡೆ ಕಾಣುತ್ತದೆ. ಮೊದಲ ಗುಹೆಯಲ್ಲಿ ಸಿಕ್ಕ ಸಭೆಯ ನಿಯಮದಲ್ಲಿ ಯಾರು ಒಳಗೆ ಕೂರಬಾರದು ಅಂತ ಪಟ್ಟಿ ಇದೆ. ಕಾಲು ಅಥವಾ ಕೈ ಊನವಾದವನು, ಕುಂಟ, ಕುರುಡ, ಕಿವುಡ, ಮೂಗ, ಮೈಮೇಲೆ ಕಾಣುವ ಕಲೆ ಇರುವವನು. ಕಡೆಗೆ, ಸಭೆಯ ನಡುವೆ ನೆಟ್ಟಗೆ ನಿಲ್ಲಲಾಗದೆ ತತ್ತರಿಸುವ ಮುದುಕ. ಕಾರಣ, ಪರಿಶುದ್ಧ ದೂತರು ಆ ಸಭೆಯಲ್ಲಿ ಇರುತ್ತಾರೆ.

ಈಗ ಲೂಕ 14:13 ಓದಿ. ಔತಣ ಮಾಡಿಸುವಾಗ ಬಡವರನ್ನು, ಊನವಾದವರನ್ನು, ಕುಂಟರನ್ನು, ಕುರುಡರನ್ನು ಕರೆ. ಬಡವರನ್ನು ಬಿಟ್ಟರೆ ಉಳಿದವರು ಅದೇ ಜನ. ಒಂದು ಕಡೆ ಬಾಗಿಲು ಹಾಕಿದೆ, ಇನ್ನೊಂದು ಕಡೆ ಅವರನ್ನೇ ಹುಡುಕಿ ಕರೆತನ್ನಿ ಅಂತಿದೆ. ಯೇಸುವಿಗೆ ಆ ಪಟ್ಟಿ ಗೊತ್ತಿತ್ತೋ ಇಲ್ಲವೋ, ಆ ಪಟ್ಟಿಯ ಮನೆಯಲ್ಲಿ ಅವನು ಬೆಳೆದವನಲ್ಲ ಎಂದು ನನಗೆ ಅನ್ನಿಸುತ್ತದೆ.

ಕಡಲತಡಿ:
ಇದನ್ನು ಓದಿ ನನಗೆ ಸಂಕಟವಾಯಿತು. ನಮ್ಮ ಅಜ್ಜನನ್ನು ಒಳಗೆ ಬಿಡುತ್ತಿರಲಿಲ್ಲ ಅಂತಾಯಿತು. ಆ ಸೀಳಿದ ಮೆಟ್ಟಿಲ ಹತ್ತಿರ ನಿಂತು ನಾನೂ ಕೈ ಮುಗಿದು ಬಂದಿದ್ದೆ.

ಅಗ್ರಹಾರದಹುಡುಗಿ:
ಅಕ್ಕ, ಬೇಜಾರು ಮಾಡಿಕೊಳ್ಳಬೇಡಿ, ಇನ್ನೊಂದು ಮುಖವೂ ಇದೆ. ಅದೇ ಎಸ್ಸೇನರ ಬಗ್ಗೆ ಫೈಲೋ ಏನು ಬರೆದಿದ್ದಾನೆ ಗೊತ್ತಾ? ಕಾಯಿಲೆ ಬಿದ್ದವರನ್ನು ಎಲ್ಲರ ಗಂಟಿನಿಂದ ನೋಡಿಕೊಳ್ಳುತ್ತಿದ್ದರು. ಮಕ್ಕಳಿಲ್ಲದ ಮುದುಕರನ್ನು ಹೆತ್ತವರನ್ನು ಮಕ್ಕಳು ನೋಡಿಕೊಳ್ಳುವ ಹಾಗೆ ನೋಡಿಕೊಳ್ಳುತ್ತಿದ್ದರು. ಆಳುಗಳನ್ನು ಇಟ್ಟುಕೊಳ್ಳುತ್ತಿರಲಿಲ್ಲ, ಒಬ್ಬರ ಕೆಲಸ ಇನ್ನೊಬ್ಬರು ಮಾಡುತ್ತಿದ್ದರು. ಸಭೆಗೆ ಬಿಡದವರು ಮನೆಯಲ್ಲಿ ಆರೈಕೆ ಮಾಡಿದ್ದಾರೆ. ಎರಡೂ ನಿಜ ಇರಬಹುದು.

ಹಳೆಪುಸ್ತಕ:
ಒಪ್ಪಿದೆ. ನಾನು ಬಿಟ್ಟದ್ದೂ ಒಂದಿದೆ. ಆ ಪಟ್ಟಿಯ ಕೆಳಗೇ ಇನ್ನೊಂದು ಸಾಲು: ಇವರಲ್ಲಿ ಯಾರಿಗಾದರೂ ಸಭೆಗೆ ಹೇಳುವ ಮಾತಿದ್ದರೆ ಅವನನ್ನು ಬೇರೆಯಾಗಿ ಕೇಳಬೇಕು.

ಬ್ರಹ್ಮಾವರ_77:
ಅಕ್ಕ, ಅಜ್ಜ ಏನಂದರು? ಅವರ ಮಾತಿಗೇ ಕಾಯುತ್ತಿದ್ದೇನೆ.

ಕಡಲತಡಿ:
ರಾತ್ರಿ ಊಟ ಮಾಡಿಸುವಾಗ ಪೂರ್ತಿ ಓದಿ ಹೇಳಿದೆ. ಪಟ್ಟಿ ಕೇಳಿದಾಗ ಏನೂ ಅನ್ನಲಿಲ್ಲ. ಕಡೇ ಸಾಲು ಬಂದಾಗ ಚಮಚ ಹಿಡಿದ ನನ್ನ ಕೈ ತಡೆದರು. "ಅದನ್ನು ಇನ್ನೊಮ್ಮೆ ಓದು" ಅಂದರು. ಓದಿದೆ. "ಹಾಗಾದರೆ ಯಾರೋ ಒಬ್ಬ ಎದ್ದು ನಿಂತು ಜಗಳ ಮಾಡಿ ಆ ಸಾಲು ಸೇರಿಸಿದ್ದಾನೆ" ಅಂದರು. ಅದು ನಿಜವೋ ಅಜ್ಜನ ಊಹೆಯೋ ನನಗೆ ಗೊತ್ತಿಲ್ಲ. ಹಳೆಪುಸ್ತಕ ಸರ್ ಊಹೆ ಅಂತಲೇ ಬರೆಯುತ್ತಾರೆ, ಬರೆಯಲಿ.

ಈಗ ಅವರಿಗೆ ಕುಮ್ರಾನ್ ನೋಡಬೇಕಂತೆ. 91 ವರ್ಷ ಇದೇ ದೇಶದಲ್ಲಿದ್ದು ಒಮ್ಮೆಯೂ ಹೋಗಿಲ್ಲವಂತೆ. ಶನಿವಾರ ಅವರು ಗಾಡಿ ಹತ್ತುವುದಿಲ್ಲ, ಹಾಗಾಗಿ ಮಂಗಳವಾರ ಬೆಳಿಗ್ಗೆ ಬೇಗ ಹೊರಡಬೇಕು, ಬಿಸಿಲೇರುವ ಮುಂಚೆ. ಇಲ್ಲಿ ಯೆರೂಸಲೇಮಿನಲ್ಲಿ ಇರುವ ನಮ್ಮವರು ಯಾರಾದರೂ ಇದನ್ನು ಓದುತ್ತಿದ್ದರೆ, ಗಾಲಿಕುರ್ಚಿ ಹತ್ತಿಸುವ ಹಲಗೆ ಇರುವ ವ್ಯಾನ್ ಎಲ್ಲಿ ಸಿಗುತ್ತದೆ ಹೇಳಿ.